ಮಾವನ ಕೋವಿಗೆ ಅತ್ತೆಯ ಎಣ್ಣೆ

ಕೆಟ್ಟು ನಿಂತ ಯಂತ್ರ ಕಂಡರೆ ನನಗೆ ಮೊದಲಿನಿಂದಲೂ ಕೈ ತುರಿಸುತ್ತದೆ. ನೆಂಟರ ಮನೆಗೆ ಹೋದಾಗ ಗೋಡೆ ಗಡಿಯಾರ ನಿಂತಿದ್ದರೆ ಕಾಫಿ ಬಿಟ್ಟು ಎದ್ದು ಅದರ ಹೊಟ್ಟೆ ಬಿಚ್ಚುವವನು ನಾನು. ಬಿಚ್ಚಿದ್ದನ್ನು ಮತ್ತೆ ಜೋಡಿಸಲೂ ಬರುತ್ತಿತ್ತು ಅನ್ನುವುದೊಂದು ಪುಣ್ಯ. ಐವತ್ತರ ದಶಕದ ನಡುವೆ, ರಾಜಾಜಿನಗರ ಇನ್ನೂ ಅರ್ಧ ಮನೆ ಅರ್ಧ ಬಯಲಾಗಿದ್ದ ಕಾಲದಲ್ಲಿ, ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಹೊಸದಾಗಿ ಮದುವೆಯಾಗಿತ್ತು. ಹೆಂಡತಿಯ ತವರು ಕೆಂಗೇರಿ.

ಮಾವನವರದು ಕೆರೆ ಕೆಳಗಿನ ಗದ್ದೆ, ಕಬ್ಬು, ಕಡಲೆಕಾಯಿ ಹೊಲ. ಗಟ್ಟಿ ಕುಳ. "ಸ್ಪ್ಯಾನರ್ ಹಿಡ್ಕಂಡು ಬದುಕೋನ್ಗೆ ಹೆಣ್ಣು ಕೊಡೋದಾ?" ಎಂದು ಮದುವೆಗೆ ಮುಂಚೆ ಅವರು ಗೊಣಗಿದ್ದು ನನ್ನ ಕಿವಿಗೂ ಬಿದ್ದಿತ್ತು. ನಾನು ಮರೆಯುವ ಜಾತಿಯವನಲ್ಲ. ಸಮಯ ಬರಲಿ, ಸ್ಪ್ಯಾನರ್ ಅಂದರೇನು ತೋರಿಸುತ್ತೇನೆ ಅಂದುಕೊಂಡೇ ಮೊದಲ ದೀಪಾವಳಿಗೆ ಅಳಿಯನಾಗಿ ಹೋದೆ.

ಎಣ್ಣೆನೀರು ಆಯಿತು. ಕಜ್ಜಾಯವೂ ಆಯಿತು. ಅತ್ತೆ ಮಾತ್ರ ಕಣ್ಣಿಗೆ ಬೀಳಲಿಲ್ಲ. ಹೊಸ ಅಳಿಯನ ಎದುರು ಬಂದು ನಿಂತು ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅಡಿಗೆಮನೆಯ ಬಾಗಿಲ ಹಿಂದಿನಿಂದ ಬಳೆ ಸದ್ದು ಕೇಳುತ್ತಿತ್ತು, ಆಮೇಲೆ ಮಾತು ಮಗಳ ಕಡೆಗೆ ಹೊರಡುತ್ತಿತ್ತು. "ಇನ್ನೊಂದು ಕಜ್ಜಾಯ ಬೇಕಾ ಕೇಳೇ ಅವ್ರನ್ನ." ನಾನು ಎರಡು ಮಾರು ದೂರದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದರೂ ನನ್ನ ಹೆಂಡತಿ ನನ್ನತ್ತ ತಿರುಗಿ, "ಇನ್ನೊಂದು ಬೇಕಾ?" ಅನ್ನುವಳು. ನಾನು ಅವಳಿಗೆ ಸಾಕು ಅನ್ನುವುದು, ಅವಳು ಬಾಗಿಲಿಗೆ ಸಾಕಂತೆ ಅನ್ನುವುದು.

ನಡುಮನೆಯ ಗೋಡೆಯ ಮೇಲೆ ಒಂದು ಕೋವಿ ನೇತಾಡುತ್ತಿತ್ತು. ಮೈಗೆಲ್ಲ ಗಂಧ, ಕುಂಕುಮ, ಒಣಗಿದ ಚೆಂಡುಹೂವು. ಇಂಗ್ಲೆಂಡಿಗೆ ವಾಪಸು ಹೊರಟಿದ್ದ ಒಬ್ಬ ಬಿಳಿ ದೊರೆಯಿಂದ ಮಾವ ಲೈಸೆನ್ಸ್ ಮಾಡಿಸಿ ಕೊಂಡಿದ್ದರಂತೆ. ಸೆಮಿ ಆಟೋಮ್ಯಾಟಿಕ್ ರೈಫಲ್ಲು. ಒಂದು ಗುಂಡು ಹಾರಿದ ಹೊಡೆತಕ್ಕೇ ಒಳಗಿನ ಬೋಲ್ಟು ಹಿಂದಕ್ಕೆ ಜಾರಿ, ಖಾಲಿ ತೋಟಾವನ್ನು ಕೆಳಕ್ಕೆ ಉದುರಿಸಿ, ಮುಂದೆ ಬರುವಾಗ ಹೊಸ ತೋಟಾವನ್ನು ತಳ್ಳಿಕೊಂಡು ಬರುತ್ತದೆ. ಟ್ರಿಗರ್ ಒತ್ತುವುದಷ್ಟೇ ನಮ್ಮ ಕೆಲಸ.

ಮಾವನವರಿಗೆ ಅಂಥದ್ದೇ ಬೇಕಿತ್ತು. ಎಂಟು ವರ್ಷದ ಹಿಂದೆ ಆಲೆಮನೆಯ ಗಾಣ ಅವರ ಬಲಗೈಯ ಮೂರು ಬೆರಳು ತೆಗೆದುಕೊಂಡಿತ್ತು. ಆ ಕೈಯನ್ನು ಅವರು ಸದಾ ಹೆಗಲ ವಸ್ತ್ರದ ಕೆಳಗೆ ಇಟ್ಟುಕೊಂಡಿರುತ್ತಿದ್ದರು. ಊಟಕ್ಕೆ ಕೂತಾಗಲೂ ಹೊರಗೆ ತೆಗೆಯುತ್ತಿರಲಿಲ್ಲ. ಬೇರೆ ಕೋವಿಯಾದರೆ ಒಂದೊಂದು ಗುಂಡಿಗೂ ಬೋಲ್ಟು ಎಳೆಯಬೇಕು, ಅದು ಅವರಿಂದ ಆಗದು. ಇದಾದರೆ ಬಲಗೈ ಮೇಲೆ ನಳಿಗೆ ಊರಿ, ಎಡಗೈಯಲ್ಲಿ ಒತ್ತುತ್ತ ಹೋದರಾಯಿತು. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದಾಗ ಪಟಪಟನೆ ಹತ್ತು ಗುಂಡು ಮೇಲುಗಡೆಯ ಕೆರೆ ಏರಿಗೆ ಹೊಡೆದರೆ ಇಡೀ ಹಿಂಡು ದಿಕ್ಕಾಪಾಲು.

"ಈಗ ಒಂದು ಹೊಡೀತದೆ, ಸಿಕ್ಕಾಕ್ಕೊಂಡು ನಿಂತ್ಕತದೆ," ಎಂದರು ಮಾವ. "ಒಂದು ಗುಂಡಿಗೆ ಹಂದಿ ತಲೆ ಎತ್ತಿ ನೋಡ್ತದೆ ಅಷ್ಟೆ. ಆಮೇಲೆ ಮತ್ತೆ ತಿಂತದೆ. ಡಿಸೆಂಬರ್ ಕೊನೇಗೆ ಲೈಸೆನ್ಸ್ ರಿನ್ಯೂ ಮಾಡಿಸ್ಬೇಕು. ಇದು ಹಿಂಗೇ ಇದ್ರೆ ಕಚೇರಿಗೆ ಒಪ್ಪಿಸ್ಬಿಟ್ಟು ಬತ್ತೀನಿ. ಹೊಲ ಕಾಯೋಕೆ ಆಳು ಇಡೋದು, ನಾನು ಜಗಲಿ ಮೇಲೆ ಕೂರೋದು."

ಕೊನೆಯ ಮಾತು ಹೇಳುವಾಗ ಅವರ ಮುಖ ನೋಡಿ ನನ್ನ ಹಳೆಯ ಸಿಟ್ಟು ಅರ್ಧ ಇಳಿದುಹೋಯಿತು. ಉಳಿದರ್ಧ ಸಿಟ್ಟಿನಲ್ಲಿ ಹೇಳಿದೆ: "ಎರಡು ಭಾನುವಾರ ಕೊಡಿ ಮಾವ. ಸ್ಪ್ಯಾನರ್ ಕೂಡ ಬೇಕಾಗಲ್ಲ."

ಮೊದಲ ಭಾನುವಾರ ಕೆರೆ ಏರಿಯ ಮಣ್ಣಿಗೆ ಗುರಿಯಿಟ್ಟು ಮಾವ ಹೊಡೆದರು. ಒಂದು ಹಾರಿತು. ಎರಡನೆಯದು ಬರಬೇಕಾದಾಗ ಮೊದಲಿನ ಖಾಲಿ ತೋಟಾ ಬೀಳದೆ ಬಾಯಲ್ಲೇ ಅಡ್ಡ ಸಿಕ್ಕಿಕೊಂಡಿತು. ನಾನು ನಕ್ಕೆ. ತೋಟಾ ಡಬ್ಬಿಯನ್ನು ಅವರು ಇಟ್ಟಿದ್ದು ಬಚ್ಚಲುಮನೆಯ ನೀರೊಲೆ ಪಕ್ಕದ ತೇವದ ಗೂಡಿನಲ್ಲಿ. ಥಂಡಿ ಹಿಡಿದ ತೋಟಾದಲ್ಲಿ ಬಲವಿಲ್ಲ, ಬೋಲ್ಟನ್ನು ಪೂರ್ತಿ ಹಿಂದೆ ತಳ್ಳಲಾಗುತ್ತಿಲ್ಲ, ಬೇರೇನಿಲ್ಲ ಎಂದು ಭಾಷಣ ಮಾಡಿದೆ. ಮಾವ ಪೇಟೆಗೆ ಹೋಗಿ ಹೊಸ ಡಬ್ಬಿ ತಂದರು. ಮುಂದಿನ ಭಾನುವಾರ ಹೊಸ ತೋಟಾ ಅದೇ ಜಾಗದಲ್ಲಿ, ಅದೇ ಥರ ಅಡ್ಡ ನಿಂತಿತು.

ಆಗ ಹೊರಗಿನಿಂದ ಕಾಣುವಷ್ಟನ್ನು ಬಟ್ಟೆಯಲ್ಲಿ ಒರೆಸಿ, ಕಾರ್ಖಾನೆಯಿಂದ ತಂದ ತೆಳು ಎಣ್ಣೆ ಎರಡು ತೊಟ್ಟು ಬಿಟ್ಟು, ಬೋಲ್ಟನ್ನು ಕೈಯಲ್ಲೇ ಹತ್ತಾರು ಸಲ ಆಡಿಸಿ ಕೊಟ್ಟೆ. ಈ ಸಲ ಸಾಲಾಗಿ ಆರು ಹಾರಿತು! ಏಳನೆಯದು ಸಿಕ್ಕಿಕೊಂಡರೂ ಮಾವ ನನ್ನ ಬೆನ್ನು ತಟ್ಟಿದರು. ವಾಪಸು ಸೈಕಲ್ಲಿನಲ್ಲಿ ಮೈಸೂರು ರಸ್ತೆಯುದ್ದಕ್ಕೂ ನಾನು ಶಿಳ್ಳೆ ಹಾಕಿದೆ. ಹಿಂದಿನ ಕ್ಯಾರಿಯರ್ ಮೇಲೆ ಕೂತ ಹೆಂಡತಿ, "ಶಿಳ್ಳೆ ಆಮೇಲೆ, ಗುಂಡಿ ನೋಡ್ಕೊಂಡು ತುಳೀರಿ," ಎಂದಳು.

ಮರುವಾರ ಹೋದಾಗ ಮಾವ ಜಗಲಿಯಲ್ಲೇ ಕಾಯುತ್ತಿದ್ದರು. ಕೋವಿ ಕೈಗೆ ಕೊಟ್ಟರು. ಮೊದಲ ಗುಂಡಿಗೇ ನಿಂತುಹೋಯಿತು. ಬೋಲ್ಟನ್ನು ಎಳೆದರೆ ತಂಗಳು ಮುದ್ದೆಯಲ್ಲಿ ಬೆರಳಿಟ್ಟ ಹಾಗೆ ನಿಧಾನಕ್ಕೆ ಜರುಗುತ್ತಿತ್ತು. ನನಗೆ ನಖಶಿಖಾಂತ ಉರಿಯಿತು. ನಾನು ಸರಿಮಾಡಿದ ಯಂತ್ರ ಒಂದು ವಾರ ಗೋಡೆ ಮೇಲೆ ಸುಮ್ಮನೆ ನೇತಾಡಿಕೊಂಡು ಮೊದಲಿಗಿಂತ ಕೆಡುವುದೆಂದರೆ? ಸ್ಪ್ರಿಂಗ್ ಮೇಲೆ ಗುಮಾನಿ ಹಾಕಿದೆ. ತೋಟಾ ಹಿಡಿದೆಳೆಯುವ ಕೊಕ್ಕೆಯ ಮೇಲೂ ಹಾಕಿದೆ. ಮತ್ತೆ ಒರೆಸಿದೆ, ಆಡಿಸಿದೆ. ಐದು ಹಾರಿತು. ಅದರ ಮುಂದಿನ ಭಾನುವಾರ ಮತ್ತೆ ಒಂದೇ. ಅಷ್ಟು ಹೊತ್ತಿಗೆ ಅವರೆಕಾಯಿ ಕಾಲ ಬಂದು ಡಿಸೆಂಬರ್ ಅರ್ಧ ಮುಗಿದಿತ್ತು.

"ಬಿಡಿ ಅಳಿಯಂದ್ರೆ. ನಿಮ್ಮ ತಪ್ಪಲ್ಲ," ಎಂದರು ಮಾವ. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಇನ್ನೊಂದೇ ಭಾನುವಾರ," ಎಂದೆ.

ಆ ಕೊನೆಯ ಭಾನುವಾರ ಬೆಳಗ್ಗೆ ಜಗಲಿಯಲ್ಲಿ ಹಳೇ ಪಂಚೆ ಹಾಸಿಕೊಂಡು ಕೂತೆ. ತೋಟಾ ಎಲ್ಲ ತೆಗೆದಿದೆಯೇ ಎಂದು ಎರಡು ಸಲ ನೋಡಿ, ಕೋವಿಯನ್ನು ಎರಡು ಭಾಗವಾಗಿ ಬಿಚ್ಚಿ, ಇಷ್ಟು ದಿನ ಜಂಬದಿಂದ ಮಾಡದೆ ಬಿಟ್ಟಿದ್ದ ಕೆಲಸ ಮಾಡಿದೆ. ಬೋಲ್ಟನ್ನು ಪೂರ್ತಿ ಹೊರಗೆ ತೆಗೆದೆ. ಮೂಗಿಗೆ ದೇವರಮನೆಯ ವಾಸನೆ ಹೊಡೆಯಿತು. ಒಳಗೆಲ್ಲ ಹಳದಿ ಅಂಟು, ಗೋಂದಿನ ಹಾಗೆ. ಬೆರಳಿಗೆ ತಗೊಂಡು ಮೂಸಿದೆ: ಹರಳೆಣ್ಣೆ, ಗಂಧ, ಅರಿಶಿನ. ಬೋಲ್ಟು ಹಿಂದಕ್ಕೆ ಜಾರುವ ಹಾದಿಯ ಕೊನೆಯಲ್ಲಿ, ಸ್ಪ್ರಿಂಗಿನ ಬುಡದಲ್ಲಿ, ಮೂರು ಅಕ್ಷತೆ ಕಾಳು ಅಂಟಿಕೊಂಡು ಕೂತಿದ್ದವು.

ಯಂತ್ರಕ್ಕೆ ಪೂಜೆ ನಾನು ಕಾಣದ್ದೇನಲ್ಲ. ಆಯುಧಪೂಜೆಗೆ ಕಾರ್ಖಾನೆಯಲ್ಲಿ ಲೇತಿಗೆ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದು, ಮಾರನೆಯ ದಿನ ಬೆಳಗ್ಗೆ ಚಿಂದಿ ಬಟ್ಟೆ ತಗೊಂಡು ಮೊದಲು ಒರೆಸುತ್ತಿದ್ದವನೇ ನಾನು. ಆದರೆ ಇದು ವರ್ಷಕ್ಕೊಂದು ಸಲದ್ದಲ್ಲ. ಮೇಲಿನ ಎಣ್ಣೆ ಇನ್ನೂ ಹಸಿ.

ಒಳಗೆ ಹೋಗುತ್ತಿದ್ದ ಹೆಂಡತಿಯನ್ನು ಕರೆದು ಕೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಅಮ್ಮ ಶುಕ್ರವಾರ ಶುಕ್ರವಾರ ಕೋವಿಗೆ ಎಣ್ಣೆ ಹಚ್ಚಿ ಅಕ್ಷತೆ ಹಾಕ್ತಾಳೆ. ನೀವು ರಿಪೇರಿ ಮಾಡಕ್ಕೆ ಶುರು ಮಾಡ್ದಾಗಿಂದ ದಿನಾ ಹಾಕ್ತಾ ಇದಾಳೆ. ಅಳಿಯನ ಕೈಗುಣ ನಿಲ್ಲಲಿ ಅಂತ."

ನಾನು ಭಾನುವಾರ ಒರೆಸುವುದು, ಅವರು ಸೋಮವಾರದಿಂದ ತುಂಬುವುದು. ಹೆಚ್ಚು ಸಿಕ್ಕಿಕೊಂಡಷ್ಟೂ ಹೆಚ್ಚು ಪೂಜೆ, ಹೆಚ್ಚು ಪೂಜೆಯಾದಷ್ಟೂ ಹೆಚ್ಚು ಅಂಟು. ಬಾಗಿಲ ಆಚೆ ಅವರು, ಈಚೆ ನಾನು, ಒಂದು ತಿಂಗಳಿಗೂ ಮೇಲೆ ಒಂದೇ ಕೋವಿಯ ಮೇಲೆ ಪಾಳಿ ಹಾಕಿ ದುಡಿದಿದ್ದೆವು, ಒಂದು ಮಾತು ಆಡದೆ.

ಮೂರು ಕಾಳುಗಳನ್ನು ಅಂಗೈಯಲ್ಲಿಟ್ಟು ಮಾವನಿಗೆ ತೋರಿಸಿದೆ. ಅವರು ನನ್ನ ಬೆರಳುಗಳನ್ನು ಮಡಿಸಿ ಮುಚ್ಚಿಬಿಟ್ಟರು.

"ಒಳಗೆ ಹೇಳ್ಬೇಡಿ," ಎಂದರು ಮೆಲ್ಲಗೆ. "ಸ್ಪ್ರಿಂಗು ಹೋಗಿತ್ತು ಅಂದ್ಬುಡಿ."

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಅಂತ ಅಲ್ಲ. ಗುಮಾನಿ ಇತ್ತು. ನಿನ್ನ ಪೂಜೆಯಿಂದ ಕೆಡ್ತು ಅಂತ ಅವ್ಳಿಗೆ ಹೆಂಗ್ ಹೇಳಾನ? ಕೋವಿ ಹೋದ್ರೆ ಹೋಗ್ಲಿ."

ಹೆಂಡತಿ ಅಲ್ಲೇ ನಿಂತಿದ್ದಳು. ನನ್ನಷ್ಟೂ ತಾಳ್ಮೆ ಇಲ್ಲದವಳು. "ಅಮ್ಮಾ!" ಎಂದು ಅಲ್ಲಿಂದಲೇ ಕೂಗಿದಳು. "ನೀನು ಹಾಕಿದ ಎಣ್ಣೆ ಅಕ್ಷತೇನೇ ಕೋವಿ ಹೊಟ್ಟೇಲಿ ಸಿಕ್ಕೊಂಡಿರೋದಂತೆ ಕಣಮ್ಮಾ!"

ಬಳೆ ಸದ್ದು ನಿಂತಿತು. ಮಾವ ತಲೆ ತಗ್ಗಿಸಿದರು. ಆಮೇಲೆ ಬಾಗಿಲ ಹಿಂದಿನಿಂದ ಅತ್ತೆ ಹೊರಗೆ ಬಂದರು, ಸೆರಗು ಹೊದ್ದು, ಜಗಲಿಯ ತನಕ. ಮದುವೆಯಾದ ಮೇಲೆ ಅವರ ಮುಖವನ್ನು ನೇರವಾಗಿ ನೋಡಿದ್ದು ಅವತ್ತೇ. ಅಂಟು ಮೆತ್ತಿದ ಬೋಲ್ಟನ್ನೂ ಕಾಳುಗಳನ್ನೂ ನೋಡಿದರು. ಮಾತಾಡಿದ್ದು ನನ್ನೊಂದಿಗೆ, ಮಗಳ ಮೂಲಕ ಅಲ್ಲ.

"ಕೈಗೆ ಎಣ್ಣೆ ಹಚ್ಚಕ್ಕೆ ಬಿಡ್ಲಿಲ್ಲಪ್ಪ ಇವ್ರು. ಗಾಣಕ್ಕೆ ಸಿಕ್ಕಿದಾಗಿಂದ ಆ ಕೈ ಮುಟ್ಟಕ್ಕೇ ಬಿಟ್ಟಿಲ್ಲ. ಆ ಕೈ ಕೆಲ್ಸ ಎಲ್ಲ ಈ ಕೋವೀನೇ ಮಾಡ್ತದಲ್ಲ, ಅದ್ಕೆ ಇದಕ್ಕಾದ್ರೂ ಹಚ್ಚಾನ ಅಂತ ಹಚ್ದೆ."

ನಾನು ಸೀಮೆಎಣ್ಣೆ ಕೇಳಿದೆ. ಅತ್ತೆಯೇ ಬುಡ್ಡಿಯಿಂದ ಬಟ್ಟಲಿಗೆ ಸುರಿದು ತಂದರು. ಒಂದೊಂದು ಭಾಗ ಅದ್ದಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ ಪಂಚೆಯ ಮೇಲೆ ಇಡುತ್ತ ಹೋದೆ. ಅತ್ತೆ ಪಕ್ಕದಲ್ಲೇ ಕೂತು ಪ್ರತಿಯೊಂದನ್ನೂ ಎತ್ತಿ ಮೂಸಿ, ಗಂಧದ ವಾಸನೆ ಇನ್ನೂ ಇದ್ದರೆ ವಾಪಸು ಕೊಡುತ್ತಿದ್ದರು. ನಮ್ಮ ಕಾರ್ಖಾನೆಯ ಇನ್‌ಸ್ಪೆಕ್ಟರ್ ಅಷ್ಟು ಕಟ್ಟುನಿಟ್ಟಿನವನಾಗಿರಲಿಲ್ಲ. ಕೊನೆಗೆ ಜೋಡಿಸಿ, ತೆಳು ಎಣ್ಣೆ ಒಂದೇ ತೊಟ್ಟು ಬಿಟ್ಟೆ. ಬೋಲ್ಟನ್ನು ಎಳೆದು ಕೈಬಿಟ್ಟಾಗ ಟಕ್ಕೆಂದು ತನ್ನ ಜಾಗಕ್ಕೆ ಹೋಗಿ ಕೂತಿತು. ಆ ಸದ್ದಿಗೇ ನನಗೆ ಗೊತ್ತಾಯಿತು.

ಕೆರೆ ಏರಿಗೆ ನಾಲ್ವರೂ ಹೋದೆವು. ಮಾವ ಹತ್ತು ತೋಟಾ ತುಂಬಿಸಿಕೊಂಡು, ವಸ್ತ್ರವನ್ನು ಪಕ್ಕಕ್ಕೆ ಸರಿಸಿ, ಬಲಗೈ ಮೇಲೆ ನಳಿಗೆ ಇಟ್ಟರು. ಅತ್ತೆ ಎರಡು ಕಿವಿಯನ್ನೂ ಮುಚ್ಚಿಕೊಂಡರು. ಪಟಪಟಪಟನೆ ಹೊಡೆತ ಶುರುವಾಯಿತು, ನನಗೆ ಎಣಿಸಲು ಆಗಲಿಲ್ಲ. ಏರಿಯ ಮಣ್ಣು ಸಿಡಿಯಿತು, ಕೆರೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಸದ್ದು ನಿಂತ ಮೇಲೆ ಹೆಂಡತಿ ಕುಕ್ಕರಗಾಲಲ್ಲಿ ಕೂತು ಹುಲ್ಲಿನಲ್ಲಿ ಬಿದ್ದ ಖಾಲಿ ತೋಟಾ ಆರಿಸಿ, "ಹತ್ತು!" ಎಂದು ಕಿರುಚಿದಳು. ಮಾವ ಬಾಯ್ತುಂಬ ನಕ್ಕರು. ಅವರ ಹಲ್ಲು ನಾನು ನೋಡಿದ್ದು ಅದೇ ಮೊದಲು.

"ಸ್ಪ್ಯಾನರ್ ಬೇಕಾಗ್ಲಿಲ್ಲ ಅಲ್ವಾ ಮಾವ?" ಎಂದು ಕೆಣಕಿದೆ.

"ಬೇಕಾಗಿದ್ದು ಸೀಮೆಎಣ್ಣೆ," ಎಂದರು. "ಅದು ನನ್ನ ಹೆಂಡ್ತಿ ಕೊಟ್ಟಿದ್ದು. ಇನ್ನೊಂದು ಹತ್ತು ತುಂಬಿ."

ಆ ವರ್ಷ ಲೈಸೆನ್ಸ್ ರಿನ್ಯೂ ಆಯಿತು. ಆದರೆ ನನಗೆ ಹೆಚ್ಚಾಗಿ ನೆನಪಿರುವುದು ಅದಲ್ಲ, ಅದೇ ದಿನ ಸಂಜೆ, ನಾವು ರಾಜಾಜಿನಗರಕ್ಕೆ ಹೊರಟು ಸೈಕಲ್ ಹತ್ತುವ ಹೊತ್ತು. ಮಾವ ಜಗಲಿಯ ಮೇಲೆ ಕೂತಿದ್ದರು. ಅತ್ತೆ ಒಳಗಿನಿಂದ ಹರಳೆಣ್ಣೆ ಬಟ್ಟಲು ಹಿಡಿದು ಬಂದು, ಗೋಡೆ ಮೇಲಿನ ಕೋವಿಯನ್ನು ದಾಟಿ, ಗಂಡನ ಮುಂದೆ ನಿಂತರು. ಮಾವ ಅತ್ತ ಇತ್ತ ನೋಡಿ, ನಾವಿಬ್ಬರೂ ನೋಡುತ್ತಿದ್ದೇವೆಂದು ಗೊತ್ತಿದ್ದೂ, ಬಲಗೈಯನ್ನು ವಸ್ತ್ರದಿಂದ ಹೊರಗೆ ತೆಗೆದು ಚಾಚಿದರು.

ಅತ್ತೆ ಬೆರಳು ಎಣ್ಣೆಯಲ್ಲಿ ಅದ್ದಿ, ನನ್ನತ್ತ ತಿರುಗಿ ಕೇಳಿದರು: "ಏನಪ್ಪಾ, ಇದಕ್ಕಾದ್ರೂ ಹಚ್ಬೋದಾ? ಇಲ್ಲ ಇದಕ್ಕೂ ಸೀಮೆಎಣ್ಣೇನಾ?"