ಹನ್ನೆರಡು ಬಾಲ್ಕನಿಗಳಿಗೆ ಒಂದೇ ವಾಕ್ಯ

ಉಕ್ಕಿನೊಳಗೆ ಸ್ಕ್ರೂಡ್ರೈವರ್ ಇಳಿಯಬಾರದು. ಅಂದು ಇಳಿಯಿತು. ತೊಲೆಯ ಅರ್ಧ ಇಂಚು ದಪ್ಪವಿರಬೇಕಿದ್ದ ಉಕ್ಕಿನ ಒಂದು ಬದಿಯಿಂದ ಹೊಕ್ಕು, ಇನ್ನೊಂದು ಬದಿಯಲ್ಲಿ ಅದರ ತುದಿ ಕಾಣಿಸಿತು. ಹೊರಗೆಳೆದಾಗ ನನ್ನ ಕೈಗವಸಿನ ಮೇಲೆ ಕಂದು ಬಣ್ಣದ ಪುಡಿ ಉದುರಿತು.

ಅದು ಎರಡು ವರ್ಷದ ಹಿಂದಿನ ಏಪ್ರಿಲ್. ಸ್ಟ್ರಕ್ಚರಲ್ ಇಂಜಿನಿಯರಿಂಗ್ ಓದು ಮುಗಿಸಿ ಮಾರಿಸ್‌ಟೌನ್‌ನ ಸಣ್ಣದೊಂದು ಕನ್ಸಲ್ಟಿಂಗ್ ಸಂಸ್ಥೆಗೆ ಸೇರಿ ನನಗೆ ಮೂರನೆಯ ವರ್ಷ. ಹಳೆಯ ಕಟ್ಟಡಗಳನ್ನು ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸ. ನಾನು ಬರೆದದ್ದನ್ನು ಹಿರಿಯ ಇಂಜಿನಿಯರ್ ಗ್ರೆಗ್ ಓದಿ, ತಿದ್ದಿ, ತಮ್ಮ ಲೈಸೆನ್ಸಿನ ಮುದ್ರೆ ಒತ್ತುತ್ತಿದ್ದರು.

ಆ ಕಟ್ಟಡ ಇದ್ದದ್ದು ವುಡ್‌ಬ್ರಿಡ್ಜ್‌ನಲ್ಲಿ. ಇಟ್ಟಿಗೆಯ ಮೂರು ಅಂತಸ್ತು, ಹಿಂಬದಿಯಲ್ಲಿ ಹನ್ನೆರಡು ಬಾಲ್ಕನಿಗಳು. ಅಂಥ ಬಾಲ್ಕನಿಗಳಿಗೆ ಕಂಬಗಳಿರುವುದಿಲ್ಲ. ಗೋಡೆಯಿಂದ ಹೊರಚಾಚಿದ ಎರಡು ಉಕ್ಕಿನ ತೊಲೆಗಳೇ ಕಾಂಕ್ರೀಟಿನ ಹಾಸನ್ನು ಹೊರುತ್ತವೆ. ತೊಲೆ ಗೋಡೆಯೊಳಗೆ ಹೊಗುವ ಜಾಗದಲ್ಲಿ ನೀರು ನಿಂತರೆ ತುಕ್ಕು ಶುರುವಾಗುತ್ತದೆ. ತಳಕ್ಕೆ ತಗಡು ಹೊಡೆದಿದ್ದರಿಂದ ಹನ್ನೊಂದರ ತೊಲೆಗಳು ಕಾಣುತ್ತಿರಲಿಲ್ಲ. ಒಂದರ ತಗಡು ಮಾತ್ರ ಕಿತ್ತು ಜೋತುಬಿದ್ದಿತ್ತು. ಸ್ಕ್ರೂಡ್ರೈವರ್ ಇಳಿದದ್ದು ಅಲ್ಲಿ.

ಆ ಬಾಲ್ಕನಿಯ ಕೆಳಗಿನ ಮನೆ ಕಟ್ಟಡದ ಅಸೋಸಿಯೇಷನ್ ಅಧ್ಯಕ್ಷರದು. ಧಾರವಾಡದಿಂದ ಈ ದೇಶಕ್ಕೆ ಬಂದು ನೆಲೆಸಿದ ಗುರುರಾಜ್ ಅಂಕಲ್, ನಿವೃತ್ತ ಕೆಮಿಕಲ್ ಇಂಜಿನಿಯರ್. ನನ್ನ ಏಣಿಯನ್ನು ಅವರೇ ಹಿಡಿದು ನಿಂತಿದ್ದರು.

“ನಮ್ಮ ಕಡೆಯವರೇನವಾ ನೀ?”

“ಇಲ್ಲ ಅಂಕಲ್, ಮೈಸೂರು.”

“ಅದಕ್ಕ ಇಷ್ಟು ಮೆತ್ತಗ ಮಾತಾಡ್ತಿ. ಏಣಿ ಮ್ಯಾಲಿಂದ ಏನೂ ಕೇಳಸವಲ್ದು!”

ಅವರ ಹೆಂಡತಿ ವಿಜಯಾ ಆಂಟಿ ಚಳಿಗಾಲವೆಲ್ಲ ಒಳಗಿಟ್ಟಿದ್ದ ಕರಿಬೇವಿನ ಕುಂಡವನ್ನು ಅಂದೇ ಹೊರಗೆ, ಆ ಬಾಲ್ಕನಿಯ ಅಡಿಗೆ ತಂದಿದ್ದರು. ಬಿಳಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ನನ್ನ ಮುಂದಿಟ್ಟು, “ಮೊದಲ ಚಹಾ ಕುಡಿ. ಆಮ್ಯಾಲೆ ನಮ್ಮ ಮನಿ ಬೀಳ್ತದೋ ಇಲ್ಲೋ ಹೇಳೀಯಂತ” ಎಂದು ನಕ್ಕರು. ನಾನೂ ನಕ್ಕೆ. ಹೊರಡುವಾಗ ಅಂಕಲ್ ಕೇಳಿದರು: “ಗಾಬರಿ ಆಗೂವಂಥದ್ದು ಏನರೆ ಅದ ಏನು?”

“ಎಲ್ಲ ರಿಪೋರ್ಟ್‌ನಲ್ಲಿ ಬರೀತೀನಿ ಅಂಕಲ್.”

ಸ್ಥಳದಲ್ಲಿ ನಿಂತು ಅಭಿಪ್ರಾಯ ಹೇಳಬಾರದೆಂಬುದು ನಮ್ಮ ಕಚೇರಿಯ ನಿಯಮ. ನಿಯಮವಿಲ್ಲದಿದ್ದರೂ, ಚಹಾ ಕೊಟ್ಟ ಹಿರಿಯರ ಮುಖ ನೋಡಿಕೊಂಡು “ಇದು ಬೀಳುತ್ತದೆ” ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಅದನ್ನು ಕಾಗದಕ್ಕೆ ಬಿಟ್ಟೆ.

ಆ ಕಾಗದದ ರೀತಿಯನ್ನು ಇಲ್ಲಿ ವಿವರಿಸಬೇಕು. ಕೋರ್ಟಿನ ಭಯದಿಂದ ನಮ್ಮ ಕಚೇರಿಯ ಇಂಗ್ಲಿಷಿನಲ್ಲಿ ಯಾವುದೂ ‘ಇದೆ’ ಆಗುತ್ತಿರಲಿಲ್ಲ, ‘ಇರುವಂತೆ ತೋರುತ್ತದೆ’ ಆಗುತ್ತಿತ್ತು. ಯಾವುದೂ ‘ಆಗುತ್ತದೆ’ ಎಂದಿರುತ್ತಿರಲಿಲ್ಲ, ‘ಆಗಬಹುದು’ ಎಂದಿರುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಇದು ನನಗೆ ಕೈಬರಹದಷ್ಟು ಸಲೀಸಾಯಿತು. ಹದಿನೇಳು ಪುಟಗಳ ಆ ವರದಿಯ ಒಂಬತ್ತನೆಯ ಪುಟದಲ್ಲಿ ನಾನು ಬರೆದ ವಾಕ್ಯದ ಅರ್ಥ ಇಷ್ಟು: ‘ತುಕ್ಕಿನಿಂದಾಗಿ ಬಾಲ್ಕನಿಗಳ ತೊಲೆಗಳ ಸಾಮರ್ಥ್ಯ ಕುಂದಿರುವ ಸಾಧ್ಯತೆಯಿದೆ, ಹೆಚ್ಚಿನ ಪರೀಕ್ಷೆಯನ್ನು ಪರಿಗಣಿಸಬಹುದು.’ ಕಂಡ ಒಂದು ಬಾಲ್ಕನಿಗೂ, ಕಾಣದ ಹನ್ನೊಂದಕ್ಕೂ ಅದೇ ವಾಕ್ಯ. ನೆಲಮಾಳಿಗೆಯ ಗೋಡೆಯ ಬಣ್ಣ ಏಳುತ್ತಿದ್ದದ್ದಕ್ಕೂ ಹೆಚ್ಚುಕಡಿಮೆ ಅದೇ.

ವರದಿ ಕಳಿಸಿದ ಐದು ವಾರಗಳ ನಂತರ, ಒಂದು ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ, ಮೇಜಿನ ಮೇಲಿನ ಫೋನ್ ರಿಂಗಾಯಿತು.

“ಬಿತ್ತವಾ,” ಎಂದರು ಅಂಕಲ್. “ವಿಜಯಾನ ಕಾಲ ಮ್ಯಾಲೆ ಬಿತ್ತು.”

ವುಡ್‌ಬ್ರಿಡ್ಜ್‌ವರೆಗೆ ಹೇಗೆ ಡ್ರೈವ್ ಮಾಡಿದೆನೋ ನೆನಪಿಲ್ಲ. ಬಾಲ್ಕನಿಯ ಹಾಸು ಇಡಿಯಾಗಿ ಮಗುಚಿ ಬಿದ್ದಿತ್ತು. ನಾನು ಚಹಾ ಕುಡಿದ ಕುರ್ಚಿಯ ಒಂದು ಬಿಳಿ ಕಾಲು ಅದರ ಅಂಚಿನಡಿಯಿಂದ ಚಾಚಿಕೊಂಡಿತ್ತು. ಆಂಟಿ ಕರಿಬೇವಿಗೆ ನೀರು ಹಾಕಿ ಒಳಗೆ ತಿರುಗಿದ್ದರು. ಒಂದು ಕಾಲು ಹೊಸ್ತಿಲೊಳಗೆ, ಒಂದು ಹೊರಗೆ. ಹೊರಗಿದ್ದ ಕಾಲಿನ ಮೂಳೆ ಪಾದಕ್ಕಿಂತ ತುಸು ಮೇಲೆ ಮೂರು ಕಡೆ ಮುರಿದಿತ್ತು. ಒಂದು ಹೆಜ್ಜೆ ತಡವಾಗಿದ್ದರೆ ನಾನು ಇದನ್ನು ಬರೆಯುವ ಧೈರ್ಯ ಮಾಡುತ್ತಿರಲಿಲ್ಲ. ಅಗ್ನಿಶಾಮಕ ದಳದವರು ಆ ಮೂಲೆಗಷ್ಟೇ ಹಳದಿ ಪಟ್ಟಿ ಕಟ್ಟಿದ್ದರು. ಉಳಿದ ಹನ್ನೊಂದರ ಬಗ್ಗೆ ನಮ್ಮ ಕಚೇರಿಯ ಮಾತಿಗಾಗಿ ಕಾಯುತ್ತಿದ್ದರು.

ಆಸ್ಪತ್ರೆಗೆ ಬಟ್ಟೆ ಒಯ್ಯಲು ಬಂದಿದ್ದ ಅಂಕಲ್ ನನ್ನನ್ನು ನೋಡಿ ಒಳಗೆ ಹೋದರು, ವರದಿಯ ಪ್ರತಿ ಹಿಡಿದು ಬಂದರು. ಪುಟಪುಟಕ್ಕೂ ಹಳದಿ ಹೈಲೈಟರಿನ ಗೆರೆಗಳು. ಒಂಬತ್ತನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ‘ಸೆಪ್ಟೆಂಬರ್ ಮೀಟಿಂಗ್.’

“ಓದಿಲ್ಲಂತ ತಿಳೀಬ್ಯಾಡ. ಎರಡು ಸಲ ಓದೀನಿ,” ಎಂದರು. “ತಳಮನಿ ಬಣ್ಣಕ್ಕೂ ಇದೇ ಮಾತು, ಇದಕ್ಕೂ ಇದೇ ಮಾತು. ಬಣ್ಣದ ಜೋಡಿ ಇದನ್ನೂ ಸೆಪ್ಟೆಂಬರಿಗೆ ಇಟ್ಟೆ. ಖರೆ ಹೇಳು. ಏಣಿ ಮ್ಯಾಲಿದ್ದಾಗ ನಿನಗ ಗೊತ್ತಿತ್ತೇನು?”

“ಗೊತ್ತಿತ್ತು ಅಂಕಲ್.”

“ಮತ್ತ?”

ಅವರು ಕೂಗಾಡಿದ್ದರೆ ಸುಲಭವಾಗುತ್ತಿತ್ತು. ಉತ್ತರಕ್ಕಾಗಿ ನಿಜವಾಗಿಯೂ ಕಾದರು.

ನನ್ನಲ್ಲಿ ಒಂದು ಉತ್ತರವಿತ್ತು, ಅವರಿಗೆ ಹೇಳಲಿಲ್ಲ. ದಾರಿಯುದ್ದಕ್ಕೂ ಅದನ್ನು ಹಿಡಿದುಕೊಂಡೇ ಬಂದಿದ್ದೆ. ನಾನು ನೇರವಾಗಿಯೇ ಬರೆದಿದ್ದೆ, ಗ್ರೆಗ್ ಅದನ್ನು ಮೆದು ಮಾಡಿದ್ದರು ಎಂದು. ಮಧ್ಯಾಹ್ನ ಕಚೇರಿಗೆ ಮರಳಿ, ಕೋಟು ಕಳಚದೆ ಕಂಪ್ಯೂಟರಿನಲ್ಲಿ ವರದಿಯ ಹಳೆಯ ಕರಡುಗಳನ್ನು ತೆರೆದೆ. ಯಾರು, ಎಷ್ಟು ಹೊತ್ತಿಗೆ, ಯಾವ ಪದ ಬದಲಿಸಿದರು ಎಂಬುದು ಅಲ್ಲಿ ದಾಖಲಾಗಿರುತ್ತದೆ.

ಮೊದಲ ಕರಡು ನನ್ನ ನೆನಪಿನಂತೆಯೇ ಇತ್ತು. ಸಂಜೆ ನಾಲ್ಕು ಹತ್ತಕ್ಕೆ ಬರೆದದ್ದು: ‘ತೊಲೆ ತೂತಾಗಿದೆ. ಈ ಬಾಲ್ಕನಿ ಬೀಳುತ್ತದೆ. ಇಂದೇ ಮುಚ್ಚಿ. ಕೆಳಗೆ ಯಾರೂ ಕೂರಬಾರದು.’ ನಾಲ್ಕು ಮೂವತ್ತೊಂದಕ್ಕೆ ಆ ನಾಲ್ಕೂ ವಾಕ್ಯಗಳು ಅಳಿಸಿಹೋಗಿ, ಅವುಗಳ ಜಾಗದಲ್ಲಿ ‘ಸಾಧ್ಯತೆಯಿದೆ’ ಬಂದು ಕೂತಿತ್ತು. ಪಕ್ಕದಲ್ಲಿದ್ದ ಹೆಸರು ನನ್ನದು.

ಮತ್ತೊಮ್ಮೆ ನೋಡಿದೆ. ನನ್ನದೇ. ಗ್ರೆಗ್ ವರದಿ ತೆರೆದದ್ದೇ ಮರುದಿನ. ಅವರು ತಿದ್ದಿದ್ದು ವಿಳಾಸದಲ್ಲಿದ್ದ ಒಂದು ಅಂಕಿಯನ್ನು ಮಾತ್ರ.

ಆ ಇಪ್ಪತ್ತೊಂದು ನಿಮಿಷ ನನಗೆ ಇಂದಿಗೂ ನೆನಪಾಗುವುದಿಲ್ಲ. ಯಾರೂ ನನ್ನ ಹಿಂದೆ ನಿಂತಿರಲಿಲ್ಲ. ಹೇಗೂ ಗ್ರೆಗ್ ಬದಲಿಸುತ್ತಾರೆ ಎಂದುಕೊಂಡು ನಾನೇ ಮೊದಲು ಬದಲಿಸಿದ್ದಿರಬೇಕು.

ಗ್ರೆಗ್ ಬಂದು ನನ್ನ ಹೆಗಲ ಮೇಲಿಂದ ಪರದೆಯನ್ನು ಓದಿದರು. ಇಂಗ್ಲಿಷಿನಲ್ಲಿ ಕೇಳಿದರು: “ಸ್ಕ್ರೂಡ್ರೈವರಿನ ಫೋಟೋ ಇದೆಯಾ?”

ಇತ್ತು. ವರದಿಯ ಕೊನೆಯಲ್ಲಿ, ಮೂವತ್ತೆಂಟನೆಯ ಫೋಟೋ.

“ನಾನು ಅಲ್ಲಿವರೆಗೆ ನೋಡಲಿಲ್ಲ,” ಎಂದರು.

ಅನುಮಾನವನ್ನು ಅನುಮಾನವೆಂದೇ ಬರೆಯಬೇಕು. ಅದರಲ್ಲಿ ನನಗೆ ಇಂದೂ ಸಂಶಯವಿಲ್ಲ. ಆ ಹನ್ನೊಂದು ಬಾಲ್ಕನಿಗಳ ಬಗ್ಗೆ ನನಗೆ ಗೊತ್ತಿರಲಿಲ್ಲ, ‘ಸಾಧ್ಯತೆ’ ಅವುಗಳ ಮಟ್ಟಿಗೆ ಪ್ರಾಮಾಣಿಕ ಪದ. ಆದರೆ ಕಣ್ಣಾರೆ ಕಂಡದ್ದಕ್ಕೂ ಅದೇ ಪದ ಹೊದಿಸಿದಾಗ ನಾನು ಸುಳ್ಳು ಬರೆದೆ, ಅದೂ ವಿನಯದ ದನಿಯಲ್ಲಿ. ಈಗ ಪ್ರತಿ ‘ಬಹುದು’ವಿನ ಮುಂದೆ ನಿಂತು, ನಾನು ಕಂಡದ್ದೇನು, ಕಾಣದೆ ಉಳಿದದ್ದೇನು, ಓದಿದವರು ನಾಳೆ ಏನು ಮಾಡಬೇಕು ಎಂದು ಕೇಳಿಕೊಳ್ಳುತ್ತೇನೆ. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ವಾಕ್ಯ ಇನ್ನೂ ಮುಗಿದಿಲ್ಲ.

ಮರುದಿನ ಬೆಳಗ್ಗೆ ಏಳಕ್ಕೆ, ಗ್ರೆಗ್‌ರ ಮುದ್ರೆಯಿದ್ದ ಒಂದು ಪುಟದ ಪತ್ರ ಹಿಡಿದು ಮತ್ತೆ ವುಡ್‌ಬ್ರಿಡ್ಜ್‌ಗೆ ಹೋದೆ. ಅದರಲ್ಲಿ ಮೂರೇ ವಾಕ್ಯಗಳಿದ್ದವು. ಬಿದ್ದ ಬಾಲ್ಕನಿಯ ತೊಲೆ ತೂತಾಗಿದ್ದದ್ದನ್ನು ಏಪ್ರಿಲ್‌ನಲ್ಲೇ ನೋಡಿದ್ದೆ. ಉಳಿದ ಹನ್ನೊಂದರ ತೊಲೆಗಳನ್ನು ನಾನು ನೋಡಿಲ್ಲ, ಅವು ಹೇಗಿವೆಯೋ ಗೊತ್ತಿಲ್ಲ. ತಗಡು ಬಿಚ್ಚಿ ನೋಡುವವರೆಗೆ ಅವುಗಳ ಮೇಲಾಗಲಿ ಕೆಳಗಾಗಲಿ ಯಾರೂ ಕಾಲಿಡಬಾರದು.

ಮೊದಲು ತಟ್ಟಿದ್ದು ಗುರುರಾಜ್ ಅಂಕಲ್ ಬಾಗಿಲನ್ನು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದು ಆಗಷ್ಟೇ ಬಂದಿದ್ದರು. ಕನ್ನಡಕ ಹಾಕಿಕೊಂಡು, ನಿಂತಲ್ಲೇ ಓದಿದರು. ಹೈಲೈಟರ್ ಬೇಕಾಗಲಿಲ್ಲ.

“ಇದು ತಿಳೀತು,” ಎಂದರು. ಒಳಗೆ ಕರೆಯಲಿಲ್ಲ.

ನಾನು ಪತ್ರದ ಇನ್ನೊಂದು ಪ್ರತಿ ಹಿಡಿದು, ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲು ತಟ್ಟಿದೆ.