ದಿಬ್ಬದ ಮೇಲೆ ಐದು ಬೆರಳು

ಹೋದ ತಿಂಗಳ ಕೊನೆಯ ಭಾನುವಾರ, ಬೆಳಗಿನ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ, ನಾನು ಹಂಪಿಯ ಮಹಾನವಮಿ ದಿಬ್ಬದ ಮೇಲೆ ನಿಂತಿದ್ದೆ. ಮೆಟ್ಟಿಲು ಮುಗಿಯುವ ಜಾಗದಿಂದ ಬಲಕ್ಕೆ ಏಳು ಹೆಜ್ಜೆ. ಎಡಗೈಯಲ್ಲಿ ನೀರಿನ ಬಾಟಲಿ. ಬಲಗೈ ಖಾಲಿ.

ಬಲಗೈ ಖಾಲಿ ಇತ್ತು ಎಂಬುದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಇಷ್ಟು ಅಳೆದು ಏಕೆ ಹೇಳುತ್ತಿದ್ದೇನೆ? ಆ ಹೊತ್ತಿನಲ್ಲಿ ಅಲ್ಲಿದ್ದವರ ಪೈಕಿ ಹೆಚ್ಚಿನವರು ಈಗ ತಾವು ಅಲ್ಲಿರಲೇ ಇಲ್ಲ ಎನ್ನುವ ಹಾಗೆ ಮಾತಾಡುತ್ತಿದ್ದಾರೆ. ಹಾಗಾಗಿ ನಾನಾದರೂ ನಿಂತ ಜಾಗ ಹೇಳಿಬಿಡುವುದು ಒಳ್ಳೆಯದು.

ನಿಮಗೆ ಗೊತ್ತಿದೆ, ಪ್ರವಾಸ ಕಥನ ನನ್ನ ಕೆಲಸವಲ್ಲ. ಪತ್ರಿಕೆಯ ಈ ಜಾಗದಲ್ಲಿ ನಾನು ಪ್ರತಿ ವಾರ ಯಾರನ್ನಾದರೂ ಬೈಯುತ್ತೇನೆ. ಮೂರು ವಾರದ ಹಿಂದೆ ಬೈದದ್ದು ಮಟಮಾರಿ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು. ಎಷ್ಟೊಂದು ಜನ ಫೋನ್ ಮಾಡಿ ಹೊಗಳಿದಿರಿ! (ಅವರಲ್ಲಿ ಇಬ್ಬರು ಟವೆಲ್ ಎಸೆಯುವವರು ಎಂದು ನನಗೆ ಗೊತ್ತು.)

ಈ ವಾರದ ಸರದಿ ನಮ್ಮ ಶಾಲೆಯದು.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಕನ್ನಡ ಮೇಷ್ಟ್ರು. ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮ್ಮ ಹೆಡ್‌ಮಾಸ್ತರ್ ಶರಣಗೌಡರು ತಿಂಗಳ ಕೊನೆಗೆ ರಿಟೈರ್ ಆಗುವವರಿದ್ದರು. ಬೀಳ್ಕೊಡುಗೆಗೆ ಶಾಲು, ಹಾರ, ಫಲಕ ಎಲ್ಲರೂ ಕೊಡುತ್ತಾರೆ. ನಾವು ಒಂದು ಕ್ರೂಸರ್ ಗಾಡಿ ಮಾಡಿ ಹಂಪಿಗೆ ಕರೆದೊಯ್ಯುವುದೆಂದಾಯಿತು. ಅರಸರ ದಿಬ್ಬದ ಮೇಲೆ ಕೂರಿಸಿ ಅವರಿಗೊಂದು ಪಟ್ಟಾಭಿಷೇಕ ಮಾಡುವುದು, ಫೋಟೋ ತೆಗೆಯುವುದು, ಫ್ರೇಮ್ ಹಾಕಿಸಿ ಕೊಡುವುದು. ಐಡಿಯಾ ಪಿ.ಟಿ. ಮಾಸ್ತರ್ ಬಸವರಾಜನದು. ಸಾಮಾನು ನನ್ನದು. ಶಾಲೆಯ ಗ್ಯಾದರಿಂಗಿನಲ್ಲಿ ಪ್ರತಿ ವರ್ಷ ಆಡಿಸುವ ರಾಜನ ನಾಟಕಕ್ಕೆ ನಾನೇ ನಿರ್ದೇಶಕ. ಬಂಗಾರದ ಕಾಗದ ಅಂಟಿಸಿದ ರಟ್ಟಿನ ಕಿರೀಟ, ಕೆಂಪು ಪಟ್ಟೆಯ ಮೇಲುವಸ್ತ್ರ, ಪುಂಡಿ ಗಿಡದ ನಾರನ್ನು ಬಿಳಿ ಮಾಡಿ ಕೋಲಿಗೆ ಕಟ್ಟಿದ ಒಂದು ಚಾಮರ. ಎಲ್ಲ ಒಂದು ಟ್ರಂಕಿನಲ್ಲಿ, ಕೀಲಿಕೈ ನನ್ನ ಜೇಬಿನಲ್ಲಿ.

ಇನ್ನೊಂದು ಸಾಮಾನೂ ಇತ್ತು. ಅದು ಬಸವರಾಜನ ಜೇಬಿನಲ್ಲಿತ್ತು.

ಅದೇನೆಂದು ಹೇಳುವ ಮೊದಲು ಹುಲಿಗೆಪ್ಪ ಸರ್ ಬಗ್ಗೆ ಹೇಳಬೇಕು. ವಿಜ್ಞಾನದ ಮೇಷ್ಟ್ರು. ಹೆಡ್‌ಮಾಸ್ತರರ ನಂತರ ಶಾಲೆಯಲ್ಲಿ ಅವರೇ ಸೀನಿಯರ್. ಗೌಡರು ಎದ್ದ ಕುರ್ಚಿ ನಿಯಮದ ಪ್ರಕಾರ ಅವರಿಗೆ ಬರಬೇಕು. ಅವರು ದಲಿತ ಕೇರಿಯಿಂದ ಬಂದವರು. ತಾಯಿ ನರಸಮ್ಮ ಮಾನ್ವಿಯಲ್ಲಿ ಗೌಂಡಿ ಕೆಲಸಕ್ಕೆ ಕಲ್ಲು, ಗಾರೆ ಹೊತ್ತು ಮಗನನ್ನು ಓದಿಸಿದ್ದಾಳೆ. ಶಾಲೆಯಲ್ಲಿ ಯಾರೂ ಅವರಿಗೆ ಒಂದು ಕೆಟ್ಟ ಮಾತು ಆಡಿದ್ದಿಲ್ಲ. ನಾವು ಸುಶಿಕ್ಷಿತರು. ಕೆಟ್ಟ ಮಾತು ಏಕೆ ಆಡುತ್ತೇವೆ? ‘ಪಾಪ, ಹುಲಿಗೆಪ್ಪ ಸರ್‌ಗೆ ಯಾಕ ಈ ತ್ರಾಸು. ಊರ ಮಂದಿ ಒಂದೊಂದು ಥರಾ ಇರ್ತಾರ’ ಎಂದು ಮರುಗುತ್ತೇವೆ. ಮರುಗಿ ಮರುಗಿ ಒಂದು ಕಾಗದ ಬರೆಯುತ್ತೇವೆ: ‘ಆರೋಗ್ಯದ ಕಾರಣದಿಂದ ನನಗೆ ಪ್ರಭಾರ ವಹಿಸಿಕೊಳ್ಳಲು ಇಚ್ಛೆ ಇರುವುದಿಲ್ಲ.’ ಕೆಳಗೆ ಸಹಿಗೆ ಜಾಗ. ಪ್ರವಾಸದಲ್ಲಿ ಎಲ್ಲರೂ ಖುಷಿಯಲ್ಲಿರುವಾಗ ಸಹಿ ಮಾಡಿಸಿಕೊಂಡರಾಯಿತು. ಸಹಿ ಬಿದ್ದರೆ ಕುರ್ಚಿ ಬಸವರಾಜನಿಗೆ.

ಕಾಗದದ ಅಕ್ಷರ ನನ್ನದು. ನನ್ನ ಅಕ್ಷರ ದುಂಡಗಿವೆ ಎಂದು ನನಗೇ ಹೇಳಿದ್ದರು. ಬರೆದುಕೊಟ್ಟೆ.

ಕ್ರೂಸರ್ ದೇವದುರ್ಗದಿಂದ ಹೊರಟು ಮಾನ್ವಿಗೆ ಬಂತು. ನಾನು ರಾಯಚೂರಿನ ಮೊದಲ ಬಸ್ಸಿಗೆ ಬಂದು ಅಲ್ಲಿ ಕಾಯುತ್ತಿದ್ದೆ. ಹುಲಿಗೆಪ್ಪ ಸರ್ ತಾಯಿಯನ್ನೂ ಕರೆತಂದಿದ್ದರು. ದೇವದುರ್ಗದಿಂದ ಬಂದವರು ಗಾಡಿಯಲ್ಲಿ ನನಗೊಂದು ಒಳ್ಳೆ ಸೀಟು ಹಿಡಿದಿಟ್ಟಿದ್ದರು, ಟವೆಲ್ ಹಾಕಿ. ಹೌದು, ಟವೆಲ್. ತಾಯಿ ಮಗ ಹಿಂದಿನ ಅಡ್ಡ ಸೀಟಿಗೆ ಹೋದರು. ಯಾರೂ ಹೋಗಿರೆಂದು ಹೇಳಲಿಲ್ಲ.

ಹಂಪಿಯಲ್ಲಿ ಒಬ್ಬ ಗೈಡನ್ನು ಮಾಡಿಕೊಂಡೆವು. ಅವನು ಸಾಲುಸಾಲು ಕಲ್ಲಿನ ಜಗತಿಯ ಎದುರು ನಿಂತು, ‘ಇದೇ ಸಾಮ್ರಾಟರ ಅರಮನೆ’ ಎಂದ. ನಾವೆಲ್ಲ ‘ಆಹಾ’ ಎಂದೆವು. ನರಸಮ್ಮ ಮಾತ್ರ ಸುತ್ತ ನೋಡಿದಳು.

‘ಅರಮನಿ ಎಲ್ಲಿ ಅದ?’

‘ಇದೇ ಅಜ್ಜಿ. ಮೇಲಿಂದೆಲ್ಲ ಕಟ್ಟಿಗೆಯದು, ಸುಟ್ಟು ಹೋಗಿದೆ. ಬುನಾದಿ ಉಳಿದಿದೆ.’

‘ಬುನಾದಿ ನೋಡಾಕ ಇಷ್ಟು ದೂರ ಬರಬೇಕಿತ್ತೇನು? ಮಾನ್ವ್ಯಾಗ ನಾ ಹೊತ್ತ ಬುನಾದಿ ಬೇಕಾದಷ್ಟು ಅವ. ಅವುರ ಮ್ಯಾಲ ಮನಿ ಆದ್ರೂ ನಿಂತಾವ.’

ಡ್ರೈವರ್ ಲಾಲಸಾಬ ಕಿಸಕ್ಕನೆ ನಕ್ಕ. ಗಿಲ್ಲೆಸುಗೂರಿನವನು, ನಗು ತಡೆಯುವುದು ಗೊತ್ತಿಲ್ಲ. ಗೈಡ್ ಜೋರಾಗಿ ರಾಯಚೂರಿನ ಯುದ್ಧಕ್ಕೆ ಬಂದ. ನಮ್ಮ ಕೋಟೆಯನ್ನು ಇಲ್ಲಿಯ ಸೈನ್ಯ ಹೇಗೆ ಗೆದ್ದಿತು ಎಂದು ವರ್ಣಿಸಿದ. ನಾವು ಚಪ್ಪಾಳೆ ತಟ್ಟಿದೆವು. ನಮ್ಮೂರನ್ನು ಗೆದ್ದದ್ದಕ್ಕೆ ನಾವೇ ಚಪ್ಪಾಳೆ! ಇಂಥ ಪ್ರವಾಸಿಗರು ಸಿಕ್ಕರೆ ಯಾವ ಗೈಡಿಗೆ ಬೇಡ?

‘ಆವಾಗ ನಮ್ಮೋರು ಯಾ ಕಡಿ ಇದ್ರಪ?’ ಎಂದು ನರಸಮ್ಮ ಮಗನನ್ನು ಕೇಳಿದಳು.

‘ಎರಡೂ ಕಡಿ ಕಲ್ಲು ಹೊರಾಕತ್ತಿದ್ರು ಬೇ’ ಎಂದರು ಹುಲಿಗೆಪ್ಪ ಸರ್. ತಾಯಿ ಮಗ ಇಬ್ಬರೂ ನಕ್ಕರು. ಅದು ಅವರ ಮನೆಯೊಳಗಿನ ನಗು. ನಮಗೆ ಅದರಲ್ಲಿ ಪಾಲಿರಲಿಲ್ಲ.

ಆಮೇಲೆ ದಿಬ್ಬ ಹತ್ತಿದೆವು. ಗೈಡ್ ಕೆಳಗೇ ಉಳಿದ. ಮೇಲೆ ಇದ್ದವರು ಒಟ್ಟು ಹತ್ತು ಜನ. ಬಸವರಾಜ ಶರಣಗೌಡರನ್ನು ಒಂದು ಕಲ್ಲಿನ ಮೇಲೆ ಕೂರಿಸಿದ. ನಾನು ಟ್ರಂಕು ತೆಗೆದೆ.

‘ಏ, ಬ್ಯಾಡ್ರಲೇ, ಮಂದಿ ನೋಡಾಕತ್ಯಾರ’ ಎಂದರು ಗೌಡರು. ಎನ್ನುತ್ತಲೇ ಕಿರೀಟಕ್ಕೆ ತಲೆ ಬಗ್ಗಿಸಿದರು.

‘ಸರ್, ಗದ್ದ ಮ್ಯಾಲ ಮಾಡ್ರಿ. ಅರಸರು ನೆಲ ನೋಡಂಗಿಲ್ಲ.’ ಬಸವರಾಜ ಮೊಬೈಲ್ ಹಿಡಿದು ಹಿಂದೆ ಸರಿದ. ಚೌಕಟ್ಟಿನಲ್ಲಿ ಏನೋ ಕಡಿಮೆ ಅನಿಸಿತು. ‘ಚಾಮರ ಯಾರು ಹಿಡಕೊಂತೀರಿ?’

ಇದು ಪ್ರಶ್ನೆ. ಇದಕ್ಕೆ ಯಾರೂ ಬಾಯಿಬಿಟ್ಟು ಉತ್ತರ ಕೊಡಲಿಲ್ಲ. ನಡೆದದ್ದು ಇಷ್ಟು: ಗಣಿತದ ಖಾಜಾ ಸರ್, ಇಂಗ್ಲಿಷಿನ ಸುಜಾತಾ ಮೇಡಂ, ಚಿತ್ರಕಲೆಯ ವೀರೇಶ, ಗುಮಾಸ್ತ ಅಮರೇಶ, ಈ ನಾಲ್ವರ ಬೆರಳು ಎದ್ದು ಹುಲಿಗೆಪ್ಪ ಸರ್ ಕಡೆ ತಿರುಗಿದವು. ಬಸವರಾಜನ ಎರಡೂ ಕೈಯಲ್ಲಿ ಮೊಬೈಲ್ ಇತ್ತು, ಅವನು ಗದ್ದದಿಂದ ತೋರಿಸಿದ. ಗೌಡರು ಅರಸರು, ಕಣ್ಣಿನಿಂದ ತೋರಿಸಿದರು. ಐದನೆಯ ಬೆರಳು ನನ್ನದು. ಬಲಗೈ ಖಾಲಿ ಇತ್ತಲ್ಲ. ಅದು ಕೊನೆಗೆ ಎದ್ದಿತು ಎಂದು ನನ್ನ ನೆನಪು.

ನಾಳೆ ನಾಡಿದ್ದು ಶಾಲೆಯ ಮುಖ್ಯಸ್ಥನಾಗಬೇಕಾದ ಮನುಷ್ಯನ ಕಡೆಗೆ. ತಾಯಿಯ ಎದುರಿಗೆ.

‘ನಾನಾ?’ ಎಂದರು ಹುಲಿಗೆಪ್ಪ ಸರ್. ನಕ್ಕರು. ಅವರ ಕೈ ಮುಂದೆ ಬಂತು. ಅದನ್ನೂ ಬರೆಯಬೇಕು, ಏಕೆಂದರೆ ಅದನ್ನು ನೋಡುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದ ಕೈ ತಾನಾಗಿ ಮುಂದೆ ಬಂತು.

ಚಾಮರ ಅವರ ಕೈ ಸೇರುವ ಮೊದಲು ನರಸಮ್ಮ ಎದ್ದಳು. ‘ತಾ ಇಲ್ಲಿ’ ಎಂದು ತಾನೇ ತಗೊಂಡಳು.

‘ಹಾಂ, ಯವ್ವನೇ ಹಿಡಕೊಳ್ಳಲಿ ಬಿಡ್ರಿ, ಇನ್ನಾ ಚಲೋ ಕಾಣ್ತದ’ ಎಂದ ಬಸವರಾಜ. ಕೇಳಿದಿರಾ?

ನರಸಮ್ಮ ಚಾಮರದ ಎಳೆಗಳನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಸಂತೆಯಲ್ಲಿ ಕಾಳು ನೋಡುವ ಹಾಗೆ. ‘ಪುಂಡಿನಾರು. ಗಟ್ಟಿ ಅದ. ಪಾತ್ರಿ ತಿಕ್ಕಾಕ ಬರ್ತದ’ ಎಂದು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಕೋಲು ಹೊರಗೆ ಚಾಚಿಕೊಂಡಿತ್ತು.

ಆಗ ನಾನು ಏನೆಂದೆ ಗೊತ್ತೇ? ‘ಯವ್ವಾ, ಅದು ಸಾಲಿದು’ ಎಂದೆ. ಅಷ್ಟೆಲ್ಲ ಆದ ಮೇಲೆ ನನಗೆ ನೆನಪಾದದ್ದು ಶಾಲೆಯ ಆಸ್ತಿ!

‘ಹೌದೇನ್ರಿ ಮಾಸ್ತರ? ಇರವಲ್ದ್ಯಾಕ. ನಾಳಿ ನನ ಮಗನ ಹೆಡ್‌ಮಾಸ್ತರ ಆಗ್ತಾನಲ್ಲ, ಅವನ್ನ ಕೇಳಿ ಇಟಗೊಂತೀನಿ.’

ಲಾಲಸಾಬ ಕೂಡ ನಗಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ವಾಚ್‌ಮನ್ ಸೀಟಿ ಊದಿದ. ‘ಏ ಟೋಪಿಯವ್ರ, ಇಳೀರಿ ಕೆಳಗ! ಡ್ರಾಮಾ ಗೀಮಾ ಇಲ್ಲಿಲ್ಲ!’ ಗೌಡರು ಒಂದೇ ಸೀಟಿಗೆ ಕಿರೀಟ ಕಿತ್ತರು. ಇಷ್ಟು ಬೇಗ ಮುಗಿದ ಆಳ್ವಿಕೆ ಆ ದಿಬ್ಬ ಕಂಡಿರಲಾರದು.

ಇಲ್ಲಿಗೆ ನಾಚಿಕೆಯಾಗಿ ಸುಮ್ಮನಾದೆವು ಎಂದುಕೊಂಡಿರಾ? ನೀವು ನಮ್ಮನ್ನು ಇನ್ನೂ ಅರಿತಿಲ್ಲ.

ಊಟಕ್ಕೆ ಕುಳಿತದ್ದು ಹಳೆಯ ಕಲ್ಲಿನ ತಾಟುಗಳ ಸಾಲಿನ ಹತ್ತಿರ, ಮರದ ನೆರಳಲ್ಲಿ. ರೊಟ್ಟಿ, ಶೇಂಗಾ ಹಿಂಡಿ ಮುಗಿಯಿತು. ಬಸವರಾಜ ಕೈ ಒರೆಸಿಕೊಂಡು ಕಾಗದ ತೆಗೆದ. ‘ಹುಲಿಗೆಪ್ಪ ಸರ್, ಒಂದು ಸಣ್ಣ ಸೈನ್ ಬೇಕಾಗಿತ್ತು. ನಿಮ್ಮ ಒಳ್ಳೇದಕ್ಕ.’

ಅವರು ಪೂರ್ತಿ ಓದಿದರು. ಬಸವರಾಜನನ್ನು ನೋಡಲಿಲ್ಲ. ನನ್ನನ್ನು ನೋಡಿದರು.

‘ಅಕ್ಷರ ನಿಮ್ಮವು ಅಲ್ರೀ ಸರ್?’

‘ಹೌದ್ರಿ.’

‘ಚಂದ ಅವ.’ ಕಾಗದ ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಇಟ್ಟುಕೊಂಡರು. ‘ಇರಲಿ ನನ್ನ ಕಡಿ.’ ಪೆನ್ನು ಬಸವರಾಜನ ಕೈಯಲ್ಲೇ ಉಳಿಯಿತು.

ಬರುವಾಗ ನಾನು ಕ್ರೂಸರಿನಲ್ಲಿ ಕುಳಿತು ನನ್ನ ನಾಟಕಗಳನ್ನು ನೆನಪು ಮಾಡಿಕೊಂಡೆ. ಹದಿಮೂರು ವರ್ಷ ಪಾತ್ರ ಹಂಚಿದ್ದು ನಾನು. ಯಾವ ವರ್ಷ ಯಾವ ಹುಡುಗ ರಾಜ? ಯಾವ ಹುಡುಗನ ಕೈಗೆ ಚಾಮರ? ಅವನ ಮನೆ ಊರಿನ ಯಾವ ಬದಿಗೆ? ಒಂದೊಂದೇ ಹೆಸರು ಹೇಳಿಕೊಳ್ಳುತ್ತ ಬಂದೆ. ಸಿಂಧನೂರು ಬರುವ ಹೊತ್ತಿಗೆ ನಿಲ್ಲಿಸಿದೆ. ನಿಲ್ಲಿಸದೆ ಇದ್ದಿದ್ದರೆ ಮಾನ್ವಿಯಲ್ಲಿ ಇಳಿಯುವ ಮುಖ ಇರುತ್ತಿರಲಿಲ್ಲ.

ಅರಮನೆಯ ಮೇಲಿನದೆಲ್ಲ ಸುಟ್ಟಿದೆ, ಬುನಾದಿ ಉಳಿದಿದೆ ಎಂದನಲ್ಲ ಆ ಗೈಡ್. ಬುನಾದಿ ಎಲ್ಲಿ ಉಳಿದಿದೆ ಎಂದು ಅವನಿಗೆ ಪೂರ್ತಿ ಗೊತ್ತಿಲ್ಲ.

ಹುಲಿಗೆಪ್ಪ ಸರ್ ಚಾರ್ಜ್ ತಗೊಂಡರು. ಮೊದಲ ದಿನ ಎಲ್ಲರೂ ಕೈ ಕುಲುಕಿದೆವು. ಅದೇ ಕೈಗಳು. ಆಮೇಲೆ ಸ್ಟಾಫ್ ರೂಮಿನಲ್ಲಿ ನಾನು ದಿಬ್ಬದ ಮಾತು ತೆಗೆದೆ. ಖಾಜಾ ಸರ್ ಆ ಹೊತ್ತಿಗೆ ಕನ್ನಡಕ ಒರೆಸುತ್ತಿದ್ದರಂತೆ. ಸುಜಾತಾ ಮೇಡಂ ಮನೆಗೆ ಫೋನ್ ಮಾಡುತ್ತಿದ್ದರಂತೆ. ವೀರೇಶ ಕಲ್ಲಿನ ಕೆತ್ತನೆ ನೋಡುತ್ತಿದ್ದನಂತೆ. ಅಮರೇಶನಿಗೆ ತಲೆಸುತ್ತು ಬಂದಿತ್ತಂತೆ. ಬಸವರಾಜ ‘ಏನು ಬೆರಳ್ರೀ ಸರ್? ಫೋಟೋದಾಗ ಇಲ್ಲಲ್ಲ’ ಎಂದು ಮೊಬೈಲನ್ನೇ ತೋರಿಸಿದ. ನಿಜ, ಫೋಟೋದಲ್ಲಿ ಇಲ್ಲ. ಗೌಡರೊಬ್ಬರೇ ಇದ್ದಾರೆ, ಗದ್ದ ಮೇಲೆ ಮಾಡಿಕೊಂಡು.

ಆದರೆ ದಿಬ್ಬದ ಮೇಲೆ ಇದ್ದ ಹತ್ತು ಜನವೂ ಬದುಕಿದ್ದಾರೆ. ಹೆಸರು ಬರೆದಿದ್ದೇನೆ, ಬೇಕಾದವರು ಕೇಳಬಹುದು. ಗಿಲ್ಲೆಸುಗೂರಿನ ಲಾಲಸಾಬ ಇದ್ದಾನೆ. ಮಾನ್ವಿಯಲ್ಲಿ ನರಸಮ್ಮ ಇದ್ದಾಳೆ.

ಮೊನ್ನೆ ನಾನೇ ಹೋಗಿ ಕೇಳಿದೆ. ನಲ್ಲಿಯ ಹತ್ತಿರ ಕೂತು ಪಾತ್ರೆ ತಿಕ್ಕುತ್ತಿದ್ದಳು. ಕೈಯಲ್ಲಿ ನನ್ನ ನಾಟಕದ ಚಾಮರ, ಕೋಲು ಮುರಿದು ಗಿಡ್ಡ ಮಾಡಿಕೊಂಡಿದ್ದಳು.

‘ಯವ್ವಾ, ಅವತ್ತ ಎಷ್ಟು ಬೆರಳು ಎದ್ದಿದ್ದವು?’

‘ಐದು.’

‘ನಂದು ಕೊನೀಗಿ ಎದ್ದದ್ದು, ಹೌದಲ್ಲ?’

ಅವಳು ತಟ್ಟೆ ತೊಳೆದು ಬೋರಲು ಹಾಕಿದಳು.

‘ಕೊನೀಗಲ್ರೀ ಮಾಸ್ತರ. ನಿಮ್ಮದ ಮೊದಲ ಎದ್ದದ್ದು, ಉಳಿದ ನಾಕು ಅದನ್ನ ನೋಡಿ ಎದ್ದವು.’