ಟ್ಯಾಬಿನಲ್ಲಿ ಬರೆದ ದೇವಿ

ಮಗಳಿಗೆ ಆಗ ಆರು ವರ್ಷ. ಅವಳ ಅಪ್ಪ ಆಫೀಸಿನವರು ಬೇಡವೆಂದ ಹಳೆಯ ಟ್ಯಾಬನ್ನು ಮನೆಗೆ ತಂದಾಗ ನನಗೇನೂ ಸಂತೋಷವಾಗಲಿಲ್ಲ. ಇನ್ನು ದಿನವಿಡೀ ಕಾರ್ಟೂನು ಎಂದುಕೊಂಡೆ. ಆದರೆ ಅವಳಿಗೆ ಹಿಡಿಸಿದ್ದು ಅದರಲ್ಲಿ ಚಿತ್ರ ಬರೆಯುವುದು. ಬೆರಳು ಎಳೆದರೆ ಗೆರೆ, ಒತ್ತಿದರೆ ಬಣ್ಣ. ಗೋಡೆ ಉಳಿಯಿತಲ್ಲ, ಅದೂ ದೇವರ ದಯೆ ಎಂದು ಬಿಟ್ಟುಬಿಟ್ಟೆ.

ಒಂದು ಶುಕ್ರವಾರ ಮಂಗಳಾದೇವಿ ದೇವಸ್ಥಾನಕ್ಕೆ ಹೋಗಿ ಬಂದವಳು ಊಟಕ್ಕೂ ಏಳದೆ ದೇವಿಯನ್ನು ಬರೆಯಲು ಕುಳಿತಳು. ಮುಖಕ್ಕಿಂತ ದೊಡ್ಡ ಮೂಗುತಿ, ಎರಡು ಕಿವಿಯಲ್ಲೂ ಮಲ್ಲಿಗೆ. ಚೆಂದವೇ ಇತ್ತು. ನಾನು ಕೈ ಒರೆಸಿಕೊಂಡು ಹತ್ತಿರ ಹೋಗುವಷ್ಟರಲ್ಲಿ ಕಣ್ಣು ಸರಿಯಾಗಲಿಲ್ಲವೆಂದು ಮುಖವನ್ನೇ ಅಳಿಸುತ್ತಿದ್ದಳು.

"ಎಂತ ಮಾಡ್ತಿದ್ದಿ? ದೇವರ ಮುಖ ಅಳಿಸುವುದಾ? ಪಾಪ ಬರ್ತದೆ."

ಹಳೆಯ ಕ್ಯಾಲೆಂಡರಿನ ದೇವರನ್ನೂ ಎಸೆಯಲಾರದೆ ಕತ್ತರಿಸಿ ಅಕ್ಕಿಡಬ್ಬಕ್ಕೆ ಅಂಟಿಸುವವಳು ನಾನು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಅವಳು ಟ್ಯಾಬ್ ಮುಚ್ಚಿಟ್ಟಳು. ಮರುದಿನ ತೆರೆಯಲಿಲ್ಲ. ವಾರವಾದರೂ ಇಲ್ಲ.

"ಯಾಕೆ ಬರೆಯುವುದಿಲ್ಲ?" ಎಂದು ಕೇಳಿದೆ.

"ತಪ್ಪಾದ್ರೆ ಅಳಿಸ್ಲಿಕ್ಕಿಲ್ಲ ಅಲ್ವಾ?"

"ದೇವರು ಬೇಡ. ಮೀನು ಬರಿ."

"ಮೀನು ಸಹ ದೇವರು. ಅಜ್ಜ ಕತೆಯಲ್ಲಿ ಹೇಳಿದ್ದಾರೆ."

ಅಷ್ಟು ಚುರುಕಾಗಿ ಓಡುತ್ತಿದ್ದ ಬೆರಳನ್ನು ನಾನೇ ಕಟ್ಟಿಹಾಕಿದ್ದೆ.

ಅವಳ ಅಜ್ಜ, ಅಂದರೆ ನನ್ನ ಮಾವ, ಪೌರೋಹಿತ್ಯದವರು. ಅವರಿಗೆ ಹೇಳಿದೆ. "ಒಳ್ಳೆ ಕೆಲಸ ಮಾಡಿದೆ ಮಾರಾಯ್ತಿ" ಎಂದರು, ಅಷ್ಟೆ. ಮರುದಿನ ಸಂಜೆ ಬೋಳಾರದ ಒಂದು ಮನೆಯಲ್ಲಿ ಅವರು ಆಶ್ಲೇಷಾ ಬಲಿ ಮಾಡಿಸುವುದಿತ್ತು. ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು.

ನಾಗನ ಈ ಪೂಜೆಗೆ ನೆಲದ ಮೇಲೆ ಐದು ಬಣ್ಣದ ಪುಡಿಯಲ್ಲಿ ಮಂಡಲ ಬರೆಯುತ್ತಾರೆ. ಮಾವ ಬೆರಳ ಸಂದಿಯಿಂದ ಅರಸಿನ ಉದುರಿಸುತ್ತಾ ಸುತ್ತಿಕೊಂಡ ಸರ್ಪವನ್ನು ಎಳೆಯುತ್ತಿದ್ದರು. ಬಾಲದ ಹತ್ತಿರ ಗೆರೆ ಓರೆಯಾಯಿತು. ಬಟ್ಟೆಯಿಂದ ಒರೆಸಿ ಮತ್ತೆ ಎಳೆದರು.

"ಅಜ್ಜ, ನೀವು ಅಳಿಸಿದ್ರಿ," ಎಂದಳು ಮಗಳು.

"ಓರೆ ಬಾಲ ಇಟ್ಟರೆ ನಾಗನಿಗೆ ಖುಷಿ ಆಗ್ತದಾ?"

"ಪಾಪ ಬರುವುದಿಲ್ವಾ?"

"ಯಾರು ಹೇಳಿದ್ದು?"

ಮಗಳು ನನ್ನನ್ನು ನೋಡಿದಳು. ನಾನು ಪೂಜೆಗೆ ತಂದ ಅಡಿಕೆಯ ಹಿಂಗಾರ ಬಿಡಿಸುವುದರಲ್ಲಿ ಮುಳುಗಿದವಳಂತೆ ತಲೆ ತಗ್ಗಿಸಿದೆ.

"ಪೂಜೆ ಆಗಲಿ, ಇಡೀ ಮಂಡಲವನ್ನು ನಾನೇ ಅಳಿಸ್ತೇನೆ. ಕೂತು ನೋಡು," ಎಂದರು ಮಾವ.

ಮಂಗಳಾರತಿಯಾದ ಮೇಲೆ ಹಾಗೆಯೇ ಮಾಡಿದರು. ಎರಡು ಗಂಟೆ ಬೆನ್ನು ಬಗ್ಗಿಸಿ ಬರೆದದ್ದು ಎರಡು ನಿಮಿಷದಲ್ಲಿ ಬಣ್ಣಬಣ್ಣದ ಪುಡಿಯ ರಾಶಿಯಾಯಿತು. ಮನೆಯವರು ಅದನ್ನೇ ಪ್ರಸಾದವೆಂದು ಹಣೆಗೆ ಹಚ್ಚಿಕೊಂಡರು. ಮಗಳ ಹಣೆಗೂ ಒಂದು ಚಿಟಿಕೆ ಬಂತು.

ಮನೆಗೆ ಬಂದು ಅವಳನ್ನು ಹತ್ತಿರ ಕೂರಿಸಿಕೊಂಡೆ. "ಅವತ್ತು ನಾನು ಹೇಳಿದ್ದು ತಪ್ಪು ಮಗಾ."

"ಹಾಗಾದ್ರೆ ಅಳಿಸು. ಬೇರೆ ಹೇಳು."

"ನಿನಗೆ ಸರಿ ಕಾಣುವವರೆಗೆ ಅಳಿಸು, ಬರಿ."

ಬೆಳಿಗ್ಗೆ ಸ್ನಾನವಾದದ್ದೇ ಟ್ಯಾಬ್ ಹಿಡಿದು ಕುಳಿತಳು. ನಾನು ಪಕ್ಕದಲ್ಲಿ ಪಲ್ಯಕ್ಕೆ ಅಲಸಂಡೆ ಮುರಿಯುತ್ತಿದ್ದೆ. ಕಣ್ಣನ್ನು ನಾಲ್ಕು ಸಲ ಅಳಿಸಿದಳು. ಐದನೆಯದಕ್ಕೆ ದೇವಿ ನಮ್ಮಿಬ್ಬರನ್ನೂ ನೆಟ್ಟಗೆ ನೋಡಿದಳು. ಆಮೇಲೆ ಮಗಳು ದೇವಿಯ ಮುಖಕ್ಕೆಲ್ಲ ಹಸಿರು ಬಣ್ಣ ತುಂಬಿದಳು. ಹಸಿರು ಯಾಕೆ ಎಂದು ಕೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಆ ಹೊತ್ತಿಗೆ ನನ್ನ ನಾಲಿಗೆ ಹಿಡಿದವಳು ದೇವಿಯೇ ಇರಬೇಕು.